ಯಾರೂ ಕೇಳದೆ ಹಾಕಿದ ಡ್ಯೂಟಿ

ನಾನು ರಿಟೈರಾದ ಮರುದಿನವೇ ನಮ್ಮ ಯಜಮಾನರು ಮನೆಯ ಅಡಿಗೆಯಾಕೆಯನ್ನು ಬಿಡಿಸಿಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ಅವತ್ತು ಬೆಳಿಗ್ಗೆ ಎಂದಿನಂತೆ ಕತ್ತಲಿರುವಾಗಲೇ ಎಚ್ಚರವಾಗಿತ್ತು. ಡ್ಯೂಟಿ ಇಲ್ಲ ಅನ್ನುವುದು ನೆನಪಾಗಿ, ಬೇಕೆಂದೇ ಮತ್ತೆ ಹೊದ್ದು ಮಲಗಿದ್ದೆ. ಏಳುವ ಹೊತ್ತಿಗೆ ಕಿಟಕಿಯಲ್ಲಿ ಬಿಸಿಲು ಬಂದಿತ್ತು, ಅಡಿಗೆಮನೆಯಲ್ಲಿ ಮಾತ್ರ ಸದ್ದಿರಲಿಲ್ಲ. ಇವರು ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು. ಆಕೆ ಯಾಕೆ ಬಂದಿಲ್ಲ ಎಂದು ಕೇಳಿದೆ.

"ಇನ್ನು ಬರೋದು ಬೇಡ ಅಂದೆ. ಹೇಗಿದ್ರೂ ನೀನು ಮನೇಲೇ ಇರ್ತೀಯಲ್ಲ" ಅಂದರು, ಪೇಪರಿನಿಂದ ಕಣ್ಣು ತೆಗೆಯದೆ. ಆಮೇಲೆ, ಕಾಫಿ ಆಗುತ್ತಾ ಎಂದು ಕೇಳಿದರು.

ಹಿಂದಿನ ದಿನವಷ್ಟೇ ನನಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೈಗಿಟ್ಟು ಬೀಳ್ಕೊಟ್ಟಿದ್ದರು. ಮಾಗಡಿ, ಕನಕಪುರ, ಕೊನೆಗೆ ಚನ್ನಪಟ್ಟಣ ಎಂದು ಈ ಸುತ್ತಿನ ಸರ್ಕಾರಿ ಆಸ್ಪತ್ರೆಗಳಲ್ಲೇ ನರ್ಸಾಗಿ ನನ್ನ ಆಯುಷ್ಯ ಕಳೆದಿತ್ತು. ಮಾತಾಡಿದವರೆಲ್ಲ ಸಿಸ್ಟರ್ ಇನ್ನಾದರೂ ವಿಶ್ರಾಂತಿ ತಗೊಳ್ಳಲಿ ಎಂದು ಹಾರೈಸಿದ್ದರು. ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಇವರೇ.

ಇವರು ಹೈಸ್ಕೂಲು ಮೇಷ್ಟ್ರಾಗಿದ್ದವರು, ನನಗಿಂತ ನಾಲ್ಕು ವರ್ಷ ಮೊದಲು ರಿಟೈರಾದರು. ಆಗ ನಾನು, ಪಾಪ, ಇಷ್ಟು ವರ್ಷ ಮಕ್ಕಳ ಹತ್ತಿರ ಕೂಗಾಡಿ ಸುಸ್ತಾಗಿದ್ದಾರೆ ಎಂದುಕೊಂಡು, ಡ್ಯೂಟಿಗೆ ಹೊರಡುವ ಮುಂಚೆ ಇವರ ಕಾಫಿ ಫ್ಲಾಸ್ಕಿಗೆ ಹಾಕಿಟ್ಟು, ತಿಂಡಿಯ ಮೇಲೆ ತಟ್ಟೆ ಮುಚ್ಚಿ ಹೋಗುತ್ತಿದ್ದೆ. ಇವರ ರಿಟೈರ್‌ಮೆಂಟು ಅಂದರೆ ಬೆಳಗಿನ ವಾಕಿಂಗು, ಪೇಪರು, ಮಧ್ಯಾಹ್ನದ ನಿದ್ದೆ, ಸಂಜೆ ಗೆಳೆಯರ ಹರಟೆ. ನನ್ನ ರಿಟೈರ್‌ಮೆಂಟು ಅಂದರೆ ಆಸ್ಪತ್ರೆಯಿಂದ ಅಡಿಗೆಮನೆಗೆ ವರ್ಗ. ಬೀದಿಯವರೆಲ್ಲ ಬಿಪಿ ನೋಡಿ, ಇಂಜೆಕ್ಷನ್ ಕೊಡಿ, ಗಾಯಕ್ಕೆ ಒಸಿ ಪಟ್ಟಿ ಕಟ್ಟಿ ಎಂದು ಹೊತ್ತುಗೊತ್ತಿಲ್ಲದೆ ಬರತೊಡಗಿದರು. ಮಂಡ್ಯದಲ್ಲಿರುವ ಮಗಳು ಫೋನ್ ಮಾಡಿದಾಗಲೆಲ್ಲ, ಬೋರಾಗ್ತಿದೆಯೇನಮ್ಮ ಎಂದು ಕೇಳುತ್ತಿದ್ದಳು. ಬೋರಾಗುವುದಕ್ಕಾದರೂ ಕೂರಬೇಕಲ್ಲ.

ಇಷ್ಟನ್ನೂ ಸಹಿಸಿಕೊಂಡೇ ಇದ್ದೆನೋ ಏನೋ. ಅಷ್ಟರಲ್ಲಿ ಹೊಂಗನೂರಿನಲ್ಲಿದ್ದ ನಮ್ಮ ಬಾವನವರಿಗೆ ಲಕ್ವ ಹೊಡೆಯಿತು.

ಬಾವ ಅಂದರೆ ಇವರ ಅಣ್ಣ. ಅಪ್ಪ ಇಲ್ಲದ ಮನೆಯಲ್ಲಿ ತಮ್ಮನನ್ನು ಓದಿಸಿ ಮೇಷ್ಟ್ರು ಮಾಡಿದವರು. ನಾನು ಮದುವೆಯಾಗಿ ಹೋದ ಹೊಸದರಲ್ಲಿ, ಮನೆ ಸೊಸೆ ರಾತ್ರಿಪಾಳಿಗೆ ಹೋಗುವುದೇನು ಎಂದು ನೆಂಟರಿಷ್ಟರು ಮೂಗು ಮುರಿದಾಗ, "ಹೋಗವ್ವ, ಕಾಯಿಲೆ ಹೊತ್ತು ನೋಡ್ಕಂಡು ಬತ್ತದಾ?" ಎಂದು ಹೇಳಿ ಸೈಕಲ್ಲಿನಲ್ಲಿ ನನ್ನನ್ನು ಬಸ್ಸಿಗೆ ಬಿಟ್ಟು ಬಂದವರು ಅವರು. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿದ್ದವರು ಇಬ್ಬರು ಗಂಡುಮಕ್ಕಳು, ದೊಡ್ಡವನ ಹೆಂಡತಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳದ ಮನೆ, ಎರಡು ಹಸು. ಕೈತುಂಬ ಕೆಲಸವಿದ್ದ, ಉಣ್ಣುವುದಕ್ಕೆ ಕಡಿಮೆಯಿಲ್ಲದ ಮನೆ.

ಆಸ್ಪತ್ರೆಯಿಂದ ಬಾವನವರನ್ನು ಮನೆಗೆ ಕಳಿಸಿದ ದಿನ ಸಂಜೆ ಇಬ್ಬರು ಮಕ್ಕಳೂ ನಮ್ಮಲ್ಲಿಗೆ ಬಂದರು. ಬಲಗೈ ಬಲಗಾಲು ಬಿದ್ದುಹೋಗಿದೆ, ಮಾತು ತೊದಲುತ್ತದೆ, ತಿಂಗಳುಗಟ್ಟಲೆ ಆರೈಕೆ ಬೇಕಂತೆ ಎಂದರು. ನಾನು ಕಾಫಿ ಮಾಡಲು ಒಳಗೆ ಹೋದೆ. ಟ್ರೇ ಹಿಡಿದು ಹೊರಗೆ ಬರುವಷ್ಟರಲ್ಲಿ ಎಲ್ಲ ತೀರ್ಮಾನವಾಗಿತ್ತು. ಮುಂದಿನ ಕೋಣೆ ತೆರವು ಮಾಡುವುದು, ಮಂಚವನ್ನು ಕಿಟಕಿಯ ಪಕ್ಕ ಹಾಕುವುದು, ವಾರದೊಳಗೆ ಬಾವನವರನ್ನು ಕರೆತರುವುದು.

"ಚಿಕ್ಕವ್ವ ಫ್ರೀ ಆಗವ್ರೆ, ಅದೂ ನರ್ಸು. ನಾವು ಪುಣ್ಯ ಮಾಡಿದ್ದೋ" ಅಂದ ದೊಡ್ಡವನು.

ನಾನು ಟ್ರೇ ಹಿಡಿದುಕೊಂಡೇ ನಿಂತಿದ್ದೆ. ಇದನ್ನು ನನ್ನ ಹತ್ತಿರ ಕೇಳುವುದಿಲ್ಲವಾ ಎಂದೆ. ಕೇಳೋದೇನೈತೆ, ನೀವು ನಮ್ಮೋರಲ್ವಾ ಎಂದು ಹುಡುಗರು ನಕ್ಕರು. ಅವರು ಹೇಳಿದ್ದು ನನ್ನನ್ನು ಅಷ್ಟಾಗಿ ತಾಕಲಿಲ್ಲ. ತಾಕಿದ್ದು ಇವರ ಮಾತು.

"ಆಸ್ಪತ್ರೇಲಿ ಯಾರ್ಯಾರಿಗೋ ಮಾಡಿದೀಯ. ನಮ್ಮಣ್ಣನಿಗೆ ಮಾಡೋಕೆ ಆಗಲ್ವಾ?"

ಆಸ್ಪತ್ರೆಯಲ್ಲಿ ನಾನು ಮಾಡಿದ್ದು ಕೆಲಸ. ಅಲ್ಲಿ ಪಾಳಿಯಿತ್ತು, ಪಾಳಿ ಮುಗಿದರೆ ಇನ್ನೊಬ್ಬಳು ಬರುತ್ತಿದ್ದಳು. ರೋಗಿಯನ್ನು ಎತ್ತಬೇಕಾದರೆ ಆ ಕಡೆಯೊಬ್ಬರು, ಈ ಕಡೆಯೊಬ್ಬರು ನಿಲ್ಲುತ್ತಿದ್ದೆವು. ಎತ್ತೀ ಎತ್ತೀ ನನ್ನ ಸೊಂಟ ಏನಾಗಿದೆ ಎನ್ನುವುದು ಇವರಿಗೆ ಗೊತ್ತಿತ್ತು. ಸೊಂಟಕ್ಕೆ ಕಟ್ಟುವ ಬೆಲ್ಟನ್ನು ಮೆಡಿಕಲ್ ಸ್ಟೋರಿನಿಂದ ತಂದುಕೊಟ್ಟವರೇ ಇವರು. ಮೇಲಾಗಿ, ಬಿದ್ದಿರುವುದು ಇವರ ಒಡಹುಟ್ಟಿದ ಅಣ್ಣ. ನಾಲ್ಕು ವರ್ಷದಿಂದ ಬಿಡುವಾಗಿ ಕೂತಿರುವವರೂ ಇವರೇ. ಆ ಕೋಣೆಯಲ್ಲಿದ್ದ ಮೂವರು ಗಂಡಸರಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ನಾನು ಕಾಫಿ ಕೊಟ್ಟು ಒಳಗೆ ಹೋದೆ. ನನ್ನ ಮೌನವನ್ನು ಅವರು ಒಪ್ಪಿಗೆ ಎಂದುಕೊಂಡರು.

ಮಾರನೇ ದಿನ ಬೆಳಿಗ್ಗೆ ಒಬ್ಬಳೇ ಬಸ್ಸು ಹತ್ತಿ ಹೊಂಗನೂರಿಗೆ ಹೋದೆ. ಬಾವನವರನ್ನು ಪಡಸಾಲೆಯ ಮಂಚದಲ್ಲಿ ಮಲಗಿಸಿದ್ದರು. ಸೊಪ್ಪಿನ ಹೊರೆಯನ್ನು ಒಂದೇ ಕೈಯಲ್ಲಿ ಎತ್ತಿ ಹೆಗಲಿಗೇರಿಸುತ್ತಿದ್ದ ಆಳು ಗೋಡೆಯ ಕಡೆ ಮುಖಮಾಡಿ, ಯಾರೋ ಇಟ್ಟುಹೋದ ಸಾಮಾನಿನ ಹಾಗೆ ಬಿದ್ದಿದ್ದರು. ನಾನು ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಕೇಳಿದೆ.

"ಬಾವ, ನಿಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗಬೇಕು ಅಂತ ಮಾತಾಡ್ಕೊಂಡವ್ರೆ. ನಿಮಗೆ ಇಷ್ಟ ಐತಾ?"

ಮುಖವನ್ನು ನನ್ನ ಕಡೆ ತಿರುಗಿಸಿದರು. ಬಾಯಿ ಒಂದು ಕಡೆ ಜೋತಿತ್ತು. ಒಂದೊಂದೇ ಮಾತನ್ನು ಎಳೆದೆಳೆದು, "ನನ್ನ... ಯಾರೂ... ಕೇಳ್ನಿಲ್ಲ ಕಣವ್ವ" ಅಂದರು. ಎಡಗೈ ಎತ್ತಿ ಹಿತ್ತಲಿನ ಹುಳದ ಮನೆಯನ್ನು ತೋರಿಸಿದರು. ಅದನ್ನು ಬಿಟ್ಟು ಬರಲಾರೆ ಎಂದು ಅರ್ಥ. ಆ ಕೈಯನ್ನೇ ನನ್ನ ಕಡೆ ತಿರುಗಿಸಿ, "ನಿನ್ನ... ಕೇಳುದ್ರಾ?" ಅಂದರು.

ಇಲ್ಲ ಬಾವ ಅಂದೆ. ಅವರ ಗಂಟಲಿನಿಂದ ಒಂದು ಸದ್ದು ಬಂತು. ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. ನನಗಂತೂ ಅಳು ಬಂತು, ಅದರ ಹಿಂದೆಯೇ ಹಿಂದಿನ ದಿನದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಇಬ್ಬರ ಬದುಕನ್ನು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಅತ್ತಿಂದಿತ್ತ ಸಾಗಿಸಿದ್ದರು. ಇಬ್ಬರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ಹುಡುಗರನ್ನು ತೋಟದಿಂದ ಕರೆಸಿದೆ. ನಿಮ್ಮಪ್ಪ ಇಲ್ಲೇ ಇರುತ್ತಾರೆ, ನಾನು ಬಂದು ಹೇಳಿಕೊಡುತ್ತೇನೆ, ಮಾಡುವವರು ನೀವು ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಚಿಕ್ಕವನು ತಲೆ ಕೆರೆದುಕೊಂಡು, "ಹಂಗಾದ್ರೆ ಅತ್ತಿಗೆ ನೋಡ್ಕತ್ತಾರೆ ಬುಡಿ" ಅಂದ.

ಅವನ ಅತ್ತಿಗೆ ಸೊಪ್ಪಿನ ಮಂಕರಿಯನ್ನು ಸೊಂಟಕ್ಕೆ ಆನಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಬೆಳಗಾಗೆದ್ದು ಹಾಲು ಕರೆದು, ಅಡಿಗೆ ಮಾಡಿ, ಹುಳಕ್ಕೆ ಸೊಪ್ಪು ಹಾಕಿ, ಮಾವನ ಬಟ್ಟೆ ಒಗೆದು ಬಂದಿದ್ದವಳು. ಮಂಕರಿಯನ್ನು ಸೊಂಟದ ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು, ಅಷ್ಟೇ. ಒಬ್ಬ ಹೆಂಗಸು ಆಗುವುದಿಲ್ಲ ಎಂದರೆ ಇವರ ಕಣ್ಣು ಹುಡುಕುವುದು ಇನ್ನೊಬ್ಬ ಹೆಂಗಸನ್ನು.

ಅವಳಲ್ಲ, ನೀವು ಎಂದೆ. ಗಂಡಸರಿಗೆ ಇವೆಲ್ಲ ಬರಾಕಿಲ್ಲ ಚಿಕ್ಕವ್ವ ಎಂದು ದೊಡ್ಡವನು ನೆಲ ನೋಡಿದ.

"ಹುಳ ಸಾಕೋಕೆ ಬತ್ತದಲ್ಲ?" ಅಂದೆ. "ಹೊತ್ತು ಹೊತ್ತಿಗೆ ಸೊಪ್ಪು ಹಾಕ್ತೀರಿ. ಹಾಸಿಗೆ ಬದಲಿಸ್ತೀರಿ. ಕೈ ತೊಳೀದೆ ಮುಟ್ಟಲ್ಲ, ಗಾಳಿ ಬೆಳಕು ನೋಡ್ತೀರಿ, ಅವು ಪೊರೆ ಬಿಡೋ ಜ್ವರಕ್ಕೆ ಕೂತ್ರೆ ಜೋರಾಗಿ ಮಾತೂ ಆಡಲ್ಲ. ನಿಮ್ಮಪ್ಪಂಗೆ ಬೇಕಾಗಿರೋದೂ ಅಷ್ಟೇ. ಅದನ್ನ ನಿಮಗೆ ಕಲಿಸಿದ್ದು ಅವರೇ."

ಮಂಚದ ಕಡೆಯಿಂದ "ಹೂಂ" ಎಂದು ಕೇಳಿಸಿತು. ದೊಡ್ಡವನು ಕೈ ತೊಳೆಯಲು ಹೋದ.

ಮನೆಗೆ ಬಂದು ಇವರಿಗೆ ವಿಷಯ ಹೇಳಿದಾಗ ದೊಡ್ಡ ಜಗಳವೇ ಆಯಿತು. ಜನ ಏನಂದುಕೊಳ್ಳುತ್ತಾರೆ, ನನ್ನ ಮರ್ಯಾದೆ ಏನಾಗಬೇಕು ಎಂದರು. ಜನ ಏನೂ ಅಂದುಕೊಳ್ಳದಿರಲಿ ಎಂದೇ ನಿಮ್ಮನ್ನೂ ಕರೆದುಕೊಂಡು ಹೋಗುತ್ತೇನೆ, ನಾಳೆಯಿಂದ ನೀವೂ ಬನ್ನಿ ಎಂದೆ. ನಾನು ಬಂದು ಏನು ಮಾಡಲಿ ಎಂದು ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು. ನನಗೆ ಹೆಚ್ಚು ನೋವಾದದ್ದು ಆ ಆಶ್ಚರ್ಯದಿಂದ. ಹಲವು ದಿನ ನನ್ನೊಡನೆ ಮಾತಿಲ್ಲದೆ ಓಡಾಡಿದರು. ಆ ದಿನಗಳಲ್ಲೇ ನಾನು ಅಡಿಗೆಯಾಕೆಯ ಮನೆಗೆ ಹೋಗಿ, ನಡೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಎಂದು ಹೇಳಿ ಅವಳನ್ನು ಮತ್ತೆ ಕರೆತಂದೆ. ಇವರನ್ನು ಕೇಳಲಿಲ್ಲ.

ನಾನೊಬ್ಬಳೇ ಬಸ್ಸಿಗೆ ಹೋಗಿಬರುವುದನ್ನು ನೋಡೀ ನೋಡೀ, ಒಂದು ಬೆಳಿಗ್ಗೆ ಇವರೂ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಬಂದರು.

ಕಲಿಸುವುದು ಸುಲಭವಾಗಿರಲಿಲ್ಲ. ಎಬ್ಬಿಸಿ ಕೂರಿಸಿ ಎಂದರೆ ಹುಡುಗರು ಸೋತ ಕೈಯನ್ನೇ ಹಿಡಿದು ಎಳೆದರು. ಭುಜ ಕಳಚೀತು ಎಂದು ಗದರಿದೆ. ಮಲಗಿದ್ದಲ್ಲಿಗೇ ಗಂಜಿ ಹುಯ್ಯಲು ಹೋದರು. ಕೂರಿಸಿ, ಗಲ್ಲ ತಗ್ಗಿಸಿ, ಸರಿಯಿರುವ ಕೆನ್ನೆಯ ಕಡೆ ಚಮಚ ಇಡುವುದನ್ನು ತೋರಿಸಿದೆ. ಬೆನ್ನು ಹುಣ್ಣಾಗದಂತೆ ಆಗಾಗ ಮಗ್ಗುಲು ಬದಲಿಸುವುದನ್ನು ದೊಡ್ಡವನು ಬೇಗ ಕಲಿತ. ಚಿಕ್ಕವನು ಮೊದಲ ದಿನ ಅಪ್ಪನ ಗಡ್ಡವನ್ನು ಅರ್ಧಕ್ಕೇ ಹೆರೆದು ಬಿಟ್ಟ. ಇವರು ಬೆಡ್‌ಪ್ಯಾನ್ ನೋಡಿದೊಡನೆ ಮೂಗಿಗೆ ಟವೆಲ್ ಹಿಡಿದು ಅಂಗಳಕ್ಕೆ ಹೋಗಿ ಹುಣಸೆಮರದಡಿ ನಿಂತರು. ನಾನು ಅದನ್ನು ಮುಟ್ಟದೆ ಅಲ್ಲೇ ಕಾದೆ. ಕೊನೆಗೆ ತಾವೇ ಒಳಗೆ ಬಂದು, ಎಲ್ಲಿ ತೊಳೆಯಬೇಕು ಎಂದು ಕೇಳಿದರು.

ಮೇಷ್ಟ್ರಿಗೆ ಅವರ ಕೆಲಸ ಸಿಕ್ಕಿದ್ದು ಆಮೇಲೆ. ಅಣ್ಣನ ಪಕ್ಕ ಕೂತು ಪೇಪರ್ ಓದಿ ಹೇಳುತ್ತಿದ್ದರು. ನಾಲಿಗೆಗೆ ಅಭ್ಯಾಸ ಬೇಕು ಎಂದು ನಾನು ಹೇಳಿದ್ದೇ ತಡ, ಅ ಆ ಇ ಈಯಿಂದ ಶುರುಮಾಡಿ ದಿನಾ ಪಾಠ ಒಪ್ಪಿಸಿಕೊಳ್ಳತೊಡಗಿದರು. ತಪ್ಪಿದರೆ ಮತ್ತೆ ಹೇಳಿಸುತ್ತಿದ್ದರು. ಒಂದು ಮಧ್ಯಾಹ್ನ ಬಾವನವರು ರೋಸಿಹೋಗಿ, "ಸುಮ್ಕಿರ್ಲಾ" ಅಂದರು. ಕಾಯಿಲೆ ಬಿದ್ದ ಮೇಲೆ ಅವರ ಬಾಯಿಂದ ತೊದಲದೆ ಬಂದ ಮೊದಲ ಮಾತು ಅದು. ಮನೆಯವರೆಲ್ಲ ನಕ್ಕೆವು. ಇವರು ನಗುತ್ತಲೇ ಕಣ್ಣೊರೆಸಿಕೊಂಡರು. ಅಂಥ ಹೊತ್ತಿನಲ್ಲಿ ನನ್ನ ಕೋಪ ಕರಗಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಕರಗಲಿಲ್ಲ. ಇಷ್ಟು ಚೆನ್ನಾಗಿ ಮಾಡಬಲ್ಲ ಮನುಷ್ಯ ಮೊದಲೇ ಯಾಕೆ ಮಾಡಲಿಲ್ಲ ಎಂದು ಹೆಚ್ಚೇ ಆಯಿತು.

ಚಳಿ ಕಳೆಯುವ ಹೊತ್ತಿಗೆ ಬಾವ ಕೋಲೂರಿ ಹುಳದ ಮನೆಯ ಬಾಗಿಲವರೆಗೆ ನಡೆದರು. ನೋಡಲು ಬಂದ ಊರಿನವರು, ಮಕ್ಕಳೆಂದರೆ ಹೀಗಿರಬೇಕು ಎಂದು ಹುಡುಗರ ಬೆನ್ನು ತಟ್ಟಿದರು. ತಮ್ಮ ಎಂದರೆ ಹೀಗಿರಬೇಕು ಎಂದು ಇವರಿಗೆ ಕೈಮುಗಿದರು.

ಅದಾದ ಸ್ವಲ್ಪ ದಿನಕ್ಕೆ ದೊಡ್ಡಮಳೂರಿನ ದೇವಸ್ಥಾನಕ್ಕೆ ಇಬ್ಬರೂ ಹೋಗಿದ್ದೆವು. ಪ್ರಾಕಾರದಲ್ಲಿ ಇವರ ಕಡೆಯ ಹಿರಿಯ ಹೆಂಗಸೊಬ್ಬರು ಸಿಕ್ಕಿದರು. ನನ್ನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಪಾಪ, ನಿಮ್ಮ ಯಜಮಾನ್ರು ಈ ವಯಸ್ನಲ್ಲಿ ದಿನಾ ಬಸ್ಸಲ್ಲಿ ಓಡಾಡಿ ಅಣ್ಣನ ಸೇವೆ ಮಾಡುದ್ರಂತೆ. ನೀನು ನರ್ಸಾಗಿದ್ಕೊಂಡೂ ಮನೆಗೆ ಕರ್ಕಬರಾದ್ ಬ್ಯಾಡ ಅಂದ್ಯಂತಲ್ಲವ್ವ."

ಹೌದು, ಬೇಡ ಅಂದೆ ಎಂದು ಹೇಳಿ ಕೈ ಬಿಡಿಸಿಕೊಂಡೆ. ಇವರು ಪಕ್ಕದಲ್ಲೇ ಇದ್ದರು. ಕಂಬದ ಕೆತ್ತನೆಯನ್ನು ಅಷ್ಟು ಗಮನವಿಟ್ಟು ನೋಡಿದ್ದನ್ನು ನಾನು ಹಿಂದೆ ಯಾವತ್ತೂ ಕಂಡಿರಲಿಲ್ಲ. ವಾಪಸು ಬರುವಾಗ ಆಟೋದಲ್ಲಿ, ಅವರಿಗೇನು ಗೊತ್ತು ಬಿಡು ಎಂದರು.

"ನಿಮಗೆ ಗೊತ್ತಿತ್ತಲ್ಲ. ನೀವು ಹೇಳಬಹುದಿತ್ತಲ್ಲ" ಅಂದೆ.

ಇವರು ಮನೆ ಮುಂದೆ ಇಳಿದು ಆಟೋದವನಿಗೆ ಚಿಲ್ಲರೆ ಎಣಿಸಿ ಕೊಟ್ಟರು.

ಈಗ ಬಾವನವರಿಗೆ ನನ್ನ ಅಗತ್ಯ ಅಷ್ಟಿಲ್ಲ. ಆದರೂ ಮನಸ್ಸು ಬಂದಾಗ ಹೊಂಗನೂರಿಗೆ ಹೋಗುತ್ತೇನೆ. ಮೊನ್ನೆ ಹೋದಾಗ ಹುಳಗಳು ಕೊನೆಯ ಜ್ವರದಿಂದ ಎದ್ದಿದ್ದವು. ಆ ದಿನಗಳಲ್ಲಿ ಅವುಗಳ ಹಸಿವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಸೊಸೆ ಒಬ್ಬಳೇ ಹುಳ ಮೇಯುವ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಬಾಗುತ್ತ ಏಳುತ್ತ ಸೊಪ್ಪು ಹರಡುತ್ತಿದ್ದಳು. ಬೆವರಿಗೆ ರವಿಕೆ ಬೆನ್ನಿಗಂಟಿತ್ತು. ನನ್ನನ್ನು ಕಂಡು ನಕ್ಕು, ರಿಟೈರಾಗಿ ವರ್ಷವಾಯಿತಲ್ಲ, ಹೆಂಗೈತೆ ಎಂದು ವಿಚಾರಿಸಿದಳು. ಇನ್ನೂ ಕಲಿಯುತ್ತಿದ್ದೇನೆ ಎಂದೆ.

ಅವಳು ಕೈಯಲ್ಲಿದ್ದ ಸೊಪ್ಪನ್ನು ಹರಡಿ ಮುಗಿಸಿ, ತಮಾಷೆಗೇ ಎಂಬಂತೆ, "ನಂಗ್ಯಾವಾಗ ಚಿಕ್ಕತ್ತೆ ರಿಟೈರ್‌ಮೆಂಟು?" ಅಂದಳು.

ಅವಳಿಗಿನ್ನೂ ಮೂವತ್ತೈದು ದಾಟಿಲ್ಲ. ನನಗೆ ನಗು ಬರಲಿಲ್ಲ. ಹೊರಗೆ ಅವಳ ಮೈದುನ ಬೈಕಿನ ಮೇಲೆ ಕೂತು ಫೋನಿನಲ್ಲಿ ಏನೋ ನೋಡುತ್ತಿದ್ದ. ಅವನ ಹೆಸರು ಹಿಡಿದು ಜೋರಾಗಿ ಕೂಗಿದೆ. ಬಂದ. ತುಂಬಿದ ಮಂಕರಿಯನ್ನು ಅವನ ಮುಂದಕ್ಕೆ ತಳ್ಳಿ, ಆ ಕಡೆಯ ಸಾಲು ನಿನ್ನದು ಎಂದೆ.