ಕಾರಹುಣ್ಣಿಮೆಯ ಟ್ಯಾಂಕು

ಸಿಂದಗಿ ಕಡೆಯಿಂದ ಮುಂಬಯಿಗೆ ಬಂದ ಚಂದ್ರಾಮನಿಗೆ ಬಾರದ ಕೆಲಸವೇ ಇರಲಿಲ್ಲ. ಪೂರ್ತಿ ಬರುವ ಕೆಲಸವೂ ಒಂದಿರಲಿಲ್ಲ. ಬಡಗಿಯ ಕೈಕೆಳಗೆ ಸೇರಿ ಸ್ಟೂಲಿಗೆ ಮೂರು ಕಾಲು ಕೂಡಿಸುವಷ್ಟು ಕಲಿತ. ನಾಲ್ಕನೆಯ ಕಾಲಿನ ಹೊತ್ತಿಗೆ ಮನಸ್ಸು ದರ್ಜಿಯ ಅಂಗಡಿಗೆ ಹೋಗಿತ್ತು. ದರ್ಜಿಯ ಅಂಗಡಿಯಲ್ಲಿ ಅವನು ಹೊಲಿದ ಮೊದಲ ಅಂಗಿಗೆ ಒಂದೇ ತೋಳು. ಎರಡನೆಯ ತೋಳಿನ ಬಟ್ಟೆ ಕತ್ತರಿಸುವ ಮೊದಲೇ ಪಾರ್ಲೆಯ ಔಷಧಿ ಕಂಪನಿಯಲ್ಲಿ ಬಾಟಲಿಗೆ ಚೀಟಿ ಅಂಟಿಸುವವರು ಬೇಕೆಂಬ ಸುದ್ದಿ ಬಂತು, ಹೊರಟುಹೋದ.

ಸಯನ್ನಿನ ಚಾಳಿನಲ್ಲಿ ಅವನ ಜೊತೆ ಖೋಲಿ ಹಂಚಿಕೊಂಡಿದ್ದವನು ಮೋನಪ್ಪ. ಉಡುಪಿ ಕಡೆಯವನು, ಹೋಟೆಲಿನಲ್ಲಿ ದೋಸೆ ಹುಯ್ಯುವ ಕೆಲಸ. ಆ ಒಂಟಿ ತೋಳಿನ ಅಂಗಿಯನ್ನು ಅವನು ಗೂಟಕ್ಕೆ ತೂಗುಹಾಕಿ ಬಂದವರಿಗೆಲ್ಲ ತೋರಿಸುತ್ತಿದ್ದ.

"ಇನ್ನೊಂದು ತೋಳು ಬೇಸಿಗೆ ಕಳೆದ ಮೇಲೆ ಬರ್ತದೆ ಮಾರಾಯ್ರೆ. ಯಾವ ಬೇಸಿಗೆ ಅಂತ ಮಾತ್ರ ಇವ ಹೇಳುವುದಿಲ್ಲ."

ಚಂದ್ರಾಮ ತಾನೂ ನಗುತ್ತಿದ್ದ. ಅವನ ನಗು ನಿಂತದ್ದು ೧೯೭೩ರ ಬೇಸಿಗೆಯಲ್ಲಿ, ಮುಲುಂಡಿನ ಅಣವೀರಪ್ಪ ಮಾವ ಹೆಣ್ಣು ಕೊಡುವುದಿಲ್ಲವೆಂದಾಗ.

ಅಣವೀರಪ್ಪ ಚಂದ್ರಾಮನ ತಾಯಿಗೆ ಚಿಕ್ಕಪ್ಪನ ಮಗ. ದಂಡಿನಲ್ಲಿ ಟ್ಯಾಂಕು ಓಡಿಸಿ ನಿವೃತ್ತನಾದವನು, ಈಗ ಒಂದು ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ರಜೆಯ ದಿನ ಎಲ್ಲಿಗೂ ಹೋಗುವುದಿರದಿದ್ದರೂ ಬೂಟಿಗೆ ಪಾಲಿಶ್ ಹಾಕಿ, ಹಾಕಿಕೊಂಡು, ಮನೆಯಲ್ಲೇ ಕೂಡುವ ಮನುಷ್ಯ. ಅವನ ಒಬ್ಬಳೇ ಮಗಳು ಭಾಗವ್ವ. ಚಂದ್ರಾಮ ಐತವಾರಕ್ಕೊಮ್ಮೆ ಮಾವನ ಆರೋಗ್ಯ ವಿಚಾರಿಸಲು ಮುಲುಂಡಿಗೆ ಹೋಗುತ್ತಿದ್ದ. ಮಾವನ ಆರೋಗ್ಯ ಯಾವಾಗಲೂ ಚೆನ್ನಾಗಿಯೇ ಇರುತ್ತಿತ್ತು.

"ನೀ ಕೆಟ್ಟಾಂವ ಅಲ್ಲ," ಎಂದಿದ್ದ ಅಣವೀರಪ್ಪ. "ಕುಡಿಯೂದಿಲ್ಲ, ಸೇದೂದಿಲ್ಲ. ಆದ್ರ ಹಿಡದ ಕೆಲಸ ಒಂದೂ ಮುಗಸೂದಿಲ್ಲ. ನಾಳೆ ಅರ್ಧಾ ತಾಳಿ ಕಟ್ಟಿ ಎದ್ದ ಹೋದ್ರ ನಾ ಏನ್ ಮಾಡ್ಲಿ?"

ಅಡುಗೆಯ ಕಟ್ಟೆಯ ಹತ್ತಿರ ಭಾಗವ್ವ ನಕ್ಕ ಸಪ್ಪಳ ಕೇಳಿಸಿತು. ಅವಳ ತಾಯಿ ಇಂದ್ರಾಬಾಯಿ ಸುಮ್ಮನಿರು ಎಂದು ಲಟ್ಟಣಿಗೆಯಿಂದ ತಿವಿದದ್ದೂ ಕೇಳಿಸಿತು.

"ಕಾರಹುಣ್ಣಿಮಿತನಕ ನೋಡ್ತೀನಿ. ಏನರೆ ಒಂದು, ಮೊದಲಿಂದ ಕಡೀತನಕ ಮಾಡಿ ತಂದು ನನ್ನ ಮುಂದ ಇಡು. ಇಲ್ಲಂದ್ರ ಸೊಲ್ಲಾಪುರದವ್ರು ಹೆಣ್ಣ ನೋಡಾಕ ಬರ್ತಾರ."

ಮುಂದಿನ ವಾರ ಬಂದರಿನ ಹತ್ತಿರ, ಫೋರ್ಟಿನ ಕಡೆ ಕಂಪನಿಯ ಕೆಲಸಕ್ಕೆಂದು ಹೋದಾಗ, ಫುಟ್‌ಪಾತಿನ ಮೇಲೆ ಹಡಗಿನ ಸಾಮಾನು ಮಾರುವವನ ಹತ್ತಿರ ಚಂದ್ರಾಮ ಅದನ್ನು ಕಂಡ. ಸಮುದ್ರದ ನೀರು ಕುಡಿದು ಉಬ್ಬಿದ ರಟ್ಟಿನ ಡಬ್ಬಿ. ಮುಚ್ಚಳದ ಅರ್ಧ ಚಿತ್ರ ಹರಿದು ಹೋಗಿತ್ತು. ಉಳಿದ ಅರ್ಧದಲ್ಲಿ ಒಂದು ಟ್ಯಾಂಕಿನ ಹಿಂಭಾಗ ಧೂಳೆಬ್ಬಿಸುತ್ತ ಹೋಗುತ್ತಿತ್ತು. ಒಳಗೆ ಪ್ಲಾಸ್ಟಿಕ್ಕಿನ ಬಿಡಿಭಾಗಗಳು, ಕೂಡಿಸಿ ಅಂಟಿಸಿಕೊಳ್ಳಬೇಕಾದ ಆಟಿಕೆ. ಕೆಟ್ಟ ಡಬ್ಬಿಯೆಂದು ಮಾರುವವನು ಅಗ್ಗಕ್ಕೆ ಕೊಟ್ಟುಬಿಟ್ಟ. ಮಾವನ ಟ್ಯಾಂಕನ್ನೇ ಮಾವನ ಮುಂದೆ ಇಡುವುದು! ಲೋಕಲ್ ರೈಲಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಅವನು ಒಬ್ಬನೇ ನಗುತ್ತ ಕೂತ. ಸಯನ್ ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಕುರ್ಲಾದಲ್ಲಿ ಇಳಿದು ಮರಳಿ ಬಂದ.

ಖೋಲಿಯಲ್ಲಿ ಡಬ್ಬಿ ಬಿಚ್ಚಿದಾಗ ಮೋನಪ್ಪ ಒಂದು ಕಡ್ಡಿಯನ್ನೆತ್ತಿ ಬೆಳಕಿಗೆ ಹಿಡಿದ. ಭಾಗಗಳೆಲ್ಲ ಆ ಕಡ್ಡಿಯ ಎರಡೂ ಬದಿಗೆ ಸಾಲಾಗಿ ಅಂಟಿಕೊಂಡಿದ್ದವು.

"ಎಂತದು ಮಾರಾಯ ಇದು? ತಿಂದಿಟ್ಟ ಬಂಗುಡೆ ಮುಳ್ಳಿನ ಹಾಗೆ ಉಂಟು."

"ಟ್ಯಾಂಕ್ ಐತಿ."

"ಟ್ಯಾಂಕ್ ಎಲ್ಲಿ ಉಂಟು? ಯಾರೋ ಮೊದಲೇ ತಿಂದಿದ್ದಾರೆ."

ಜೊತೆಗಿದ್ದ ಹಾಳೆಯ ಮೇಲೆ ಜಪಾನಿ ಅಕ್ಷರ. ಓದಲು ಬರುವ ಹಾಗಿರಲಿಲ್ಲ, ಆದರೆ ಯಾವುದು ಎಲ್ಲಿ ಕೂಡಬೇಕೆಂದು ಬಾಣ ಬರೆದು ತೋರಿಸಿದ್ದರು. ಚಂದ್ರಾಮ ಬ್ಲೇಡಿನಿಂದ ಒಂದೊಂದೇ ಭಾಗ ಬಿಡಿಸಿ, ಅಂಚು ಉಜ್ಜಿ, ಅಂಟು ಸವರಿ ಕೂಡಿಸತೊಡಗಿದ. ಆ ಸಣ್ಣ ಟ್ಯೂಬಿನ ಅಂಟಿಗೆ ತಲೆ ಹಗುರಾಗಿ ತೇಲಿಸುವಂಥ ವಾಸನೆಯಿತ್ತು. ಕಿಟಕಿ ಬಾಗಿಲು ತೆಗೆದಿಟ್ಟರೂ ಇಬ್ಬರಿಗೂ ಕಾರಣವಿಲ್ಲದೆ ನಗು ಬರುತ್ತಿತ್ತು. ಒಂದು ಚಕ್ರ ಕಾಣೆಯಾಯಿತೆಂದು ಹಾಸಿಗೆ ಕೊಡವಿ, ಅಕ್ಕಿ ಡಬ್ಬಿ ಸುರುವಿ, ಪಕ್ಕದ ಖೋಲಿಯವರನ್ನೂ ಎಬ್ಬಿಸಿ ಹುಡುಕಿದ್ದಾಯಿತು. ಅದು ಮೋನಪ್ಪನ ಹಿಮ್ಮಡಿಗೆ ಅಂಟಿಕೊಂಡು ಹೋಟೆಲಿಗೆ ಹೋಗಿತ್ತು. ಅವನು ಅದನ್ನು ಮಧ್ಯಾಹ್ನ ಬಾಳೆಲೆಯಲ್ಲಿ ಸುತ್ತಿ ಪಾರ್ಸಲ್ ತಂದ.

ಕಷ್ಟ ಬಂದದ್ದು ಚಕ್ರಗಳ ಸುತ್ತ ತೊಡಿಸುವ ಪಟ್ಟಿಯಲ್ಲಿ. ಈ ಕಡೆ ಕೂಡಿಸಿದರೆ ಆ ಕಡೆ ಕಳಚುತ್ತಿತ್ತು. ಅಂಥ ಹೊತ್ತಿನಲ್ಲೇ ಕೆಳಗಿನ ಮಾಳಿಗೆಯಲ್ಲಿ ಯಾರೋ ರೇಡಿಯೋ ರಿಪೇರಿ ಕಲಿಸುತ್ತಾರಂತೆ ಎಂಬ ಮಾತು ಕಿವಿಗೆ ಬಿತ್ತು. ಚಂದ್ರಾಮನ ಕಾಲುಗಳು ತಾವಾಗಿಯೇ ಎದ್ದು ನಿಂತವು. ಬಾಗಿಲತನಕ ಹೋದ, ಸೊಲ್ಲಾಪುರದವರು ನೆನಪಾದರು.

"ಮೋನಪ್ಪಾ, ನೀ ಹೋಗೂಮುಂದ ಹೊರಗಿಂದ ಕೀಲಿ ಹಾಕ್ಕೊಂಡ ಹೋಗು."

"ಹುಚ್ಚಾ ನಿಂಗೆ? ಬೆಂಕಿ ಗಿಂಕಿ ಬಿದ್ರೆ?"

"ಬಿದ್ರ ಟ್ಯಾಂಕ್ ನಡಿಸಿಕೊಂಡ ಬರ್ತೀನಿ. ಹಾಕು."

ಮೋನಪ್ಪ ಕೀಲಿಯನ್ನು ಪಕ್ಕದ ಖೋಲಿಯವರ ಕೈಗೆ ಕೊಟ್ಟು, "ಒಳಗೊಬ್ಬ ಉಪವಾಸ ಸತ್ಯಾಗ್ರಹಕ್ಕೆ ಕೂತಿದ್ದಾನೆ, ಕೂಗಿದರೂ ತೆಗೀಬೇಡಿ" ಎಂದು ಹೋದ. ಕೂಗಿದ್ದು ನಿಜ. ಯಾರೂ ತೆಗೆಯಲಿಲ್ಲ. ಸಂಜೆ ಮೋನಪ್ಪ ಬಂದು ನೋಡಿದರೆ ಎರಡೂ ಪಟ್ಟಿ ಕೂತಿದ್ದವು, ಬೆರಳಿಂದ ದೂಡಿದರೆ ಟ್ಯಾಂಕು ಚಾಪೆಯ ಮೇಲೆ ಗುರುಗುರು ಓಡುತ್ತಿತ್ತು. ಚಂದ್ರಾಮ ಅದರ ಹಿಂದೆ ಮಂಡಿಯ ಮೇಲೆ ಹರಿದಾಡುತ್ತ, ತಾನು ಮೊದಲ ಬಾರಿ ಕಡೆತನಕ ಮಾಡಿದ ವಸ್ತುವಿಗೆ ಏನೇನೋ ಹೆಸರಿಟ್ಟು ಕರೆಯುತ್ತಿದ್ದ.

ಆ ದಿನಗಳಲ್ಲಿ ಚಾಳಿನವರೆಲ್ಲ ಮಳೆಗಾಲದ ತಯಾರಿಯಲ್ಲಿದ್ದರು. ಮಾಡಿನ ಸಂದಿಗೆ ಡಾಂಬರು ಮೆತ್ತುವುದು, ಕಿಟಕಿಗೆ ಪ್ಲಾಸ್ಟಿಕ್ ಹೊಡೆಯುವುದು ನಡೆದಿತ್ತು. ಚಂದ್ರಾಮನೂ ಮಾಡಿಗೆ ಏರಿ ಇಳಿದು ಬಂದ. ಬಂದವನ ಕಣ್ಣು ಟ್ಯಾಂಕಿನ ಮೇಲಿನ ಪುಟ್ಟ ಮುಚ್ಚಳಗಳ ಮೇಲೆ ಬಿತ್ತು. ತೆರೆದು ಮುಚ್ಚುವಂತೆ ಬಿಟ್ಟಿದ್ದರು. ಇಲ್ಲಿಂದ ನೀರು ಸೋರದೆ ಇರುತ್ತದೆಯೆ? ಅದೇ ಹುರುಪಿನಲ್ಲಿ ಸುತ್ತಲೂ ಅಂಟು ಹರಿಸಿ ಎಲ್ಲ ಮುಚ್ಚಳಗಳನ್ನೂ ಭದ್ರ ಮಾಡಿದ.

ಉಳಿದದ್ದು ಬಣ್ಣ. ಮೋನಪ್ಪ ಮಿಲಿಟರಿ ಲಾರಿ ಕಂಡವನು, ಕೆಸರಿನಂಥ ಹಸಿರು ಹಚ್ಚಬೇಕೆಂದ. ಚಂದ್ರಾಮ ಒಪ್ಪಲಿಲ್ಲ.

"ಕಾರಹುಣ್ಣಿಮಿ ದಿನಾ ಹೊಂಟೀನಿ. ಮಾವನ ಮುಂದ ಬೋಳು ಎತ್ತು ಹೊಡಕೊಂಡ ಹೋಗ್ಲೇನು?"

ಅವನ ಸೀಮೆಯಲ್ಲಿ ಆ ಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ ಮೆರೆಸುತ್ತಾರೆ. ದುಡಿಯುವ ಜೀವಕ್ಕೆ ಶೃಂಗಾರ ಮಾಡದ ಮನೆ ಮನೆಯೇ ಅಲ್ಲ. ಬೋರ್ಡು ಬರೆಯುವವನ ಹತ್ತಿರ ಉಳಿದ ಬಣ್ಣ ಬೇಡಿ ತಂದು, ಬೆಂಕಿಕಡ್ಡಿಯ ತುದಿಗೆ ಅರಳೆ ಸುತ್ತಿ, ಚಂದ್ರಾಮ ಟ್ಯಾಂಕಿನ ಮೈಗೆ ಸುಣ್ಣದ ಬಿಳುಪು ಕೊಟ್ಟ. ತೋಪಿನ ಕೊಳವೆಗೆ ಕೆಂಪು, ಹಳದಿ, ನೀಲಿ ಬಳೆಗಳನ್ನು ಒಂದರ ಹಿಂದೊಂದು ಬರೆದ, ಥೇಟು ಕೊಂಬಿನ ಹಾಗೆ. ತುದಿಗೆ ಕೆಂಪು ಉಲ್ಲನ್ನಿನ ಗೊಂಡೆ ಕಟ್ಟಿದ. ಪಕ್ಕೆಗಳಿಗೆ ಎತ್ತಿನ ಬೆನ್ನಿಗೆ ಹೊದಿಸುವಂಥ ಚುಕ್ಕಿಯ ಝೂಲು ಬಿಡಿಸಿದ. ಮೋನಪ್ಪ ಗೊಂಡೆಯನ್ನು ಬೆರಳಿಂದ ಅಲುಗಿಸಿದ.

"ವೈರಿ ನಗಾಡಿಯೇ ಸಾಯ್ತಾನೆ ಬಿಡು."

ಹುಣ್ಣಿಮೆಯ ದಿನ ಚಂದ್ರಾಮ ಟ್ಯಾಂಕನ್ನು ಒಂದು ಮಣೆಯ ಮೇಲೆ ಕಟ್ಟಿ, ಗದ್ದಲದಲ್ಲಿ ಮುರಿಯಬಾರದೆಂದು ತಲೆಯ ಮೇಲೆತ್ತಿ ಹಿಡಿದು, ಲೋಕಲು ಹತ್ತಿದ. ಬೆವರು ಕಣ್ಣಿಗಿಳಿಯುತ್ತಿತ್ತು, ಒರೆಸಲು ಕೈಯಿಲ್ಲ. ಬಾಗಿಲ ಬಳಿ ಜೋತುಬಿದ್ದವನೊಬ್ಬ, "ಹಟೋ ಭಾಯಿ, ಟ್ಯಾಂಕ್ ಆ ರಹಾ ಹೈ" ಎಂದು ಎಲ್ಲರನ್ನೂ ಸರಿಸಿದ. ಸಯನ್ನಿನಿಂದ ಮುಲುಂಡಿನವರೆಗೆ ಯಾರೂ ಅವನನ್ನು ನೂಕಲಿಲ್ಲ. ಇಳಿಯುವಾಗ ದಾರಿ ಬಿಟ್ಟು, ಒಬ್ಬ ಮುದುಕ ಸಲಾಮನ್ನೂ ಹೊಡೆದ. ಚಂದ್ರಾಮನಿಗೆ ತಾನೇ ಯಾವುದೋ ಯುದ್ಧ ಗೆದ್ದು ಬಂದಂತಾಗಿ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಮಾವನ ಖೋಲಿಯಲ್ಲಿ ಮಣೆಯನ್ನು ನೆಲಕ್ಕಿಟ್ಟಾಗ ಮೊದಲು ಮಾತಾಡಿದವಳು ಭಾಗವ್ವ.

"ಅಪ್ಪಾ, ಇದು ಲಢಾಯಿಗೆ ಹೊಂಟೈತೋ, ಮದುವಿ ಬರಾತಿಗೆ ಹೊಂಟೈತೋ?"

ಅಣವೀರಪ್ಪ ಕನ್ನಡಕ ಹಾಕಿಕೊಂಡು ಟ್ಯಾಂಕನ್ನೆತ್ತಿ ಅಡಿ ನೋಡಿದ, ಪಟ್ಟಿ ತಿರುಗಿಸಿದ, ಬಣ್ಣದ ಬಳೆಗಳ ಮೇಲೆ ಬೆರಳಾಡಿಸಿದ.

"ಇದು ನಾ ಓಡಸಿದ್ದಲ್ಲ. ಅದರ ಚಿಗವ್ವನ ಮಗ ಇರಬೇಕು."

"ಬಣ್ಣ ತಪ್ಪಾತೇನ್ರಿ ಮಾವಾ?"

ಅಣವೀರಪ್ಪ ಗೊಂಡೆಯನ್ನು ನೇರ ಮಾಡಿದ. "ನಾವು ಅದಕ್ಕ ಮಣ್ಣ ಮೆತ್ತತಿದ್ವಿ. ಮ್ಯಾಲ ಬಲೆ ಹೊಚ್ಚತಿದ್ವಿ, ಯಾರೂ ನೋಡಬಾರದಂತ. ಅಷ್ಟು ದುಡೀತು, ಒಂದಿನಾನೂ ಅದಕ್ಕ ಒಂದು ಗೊಂಡೆ ಕಟ್ಟಲಿಲ್ಲ ನೋಡು." ಆಮೇಲೆ ಮುಂಭಾಗದ ಮುಚ್ಚಳಕ್ಕೆ ಉಗುರು ಹಾಕಿದ. "ಇದ್ಯಾಕ ತೆರೀವಲ್ದು?"

"ಮಳಿಗಾಲ ಬಂತಲ್ರಿ. ಸೋರಬಾರದಂತ ಬಂದ್ ಮಾಡೀನಿ."

"ಮತ್ತ ಡ್ರೈವರ್ ಎಲ್ಲಿಂದ ಇಳೀಬೇಕು?"

ಈ ವಿಚಾರ ಚಂದ್ರಾಮನಿಗೆ ಹೊಳೆದೇ ಇರಲಿಲ್ಲ.

"ನಾ ಎಲ್ಲಿ ಕೂಡ್ಲಿ ಅಂತೀನಿ," ಎಂದ ಅಣವೀರಪ್ಪ. ಎಂದವನೇ ಕಿಸೆಯಿಂದ ಚಾಕು ತೆಗೆದು ಮುಚ್ಚಳದ ಸಂದಿಗೆ ತೂರಿಸಿ ಮೀಟಿದ. ಮುಚ್ಚಳ ಅಲುಗಲಿಲ್ಲ. ಜೋರಾಗಿ ಮೀಟಿದ. ಚಾಕು ಜಾರಿ ಕೊಳವೆಗೆ ಬಡಿದು, ಬಣ್ಣದ ಕೊಂಬು ಬುಡದಿಂದ ಮುರಿದು, ಗೊಂಡೆಯ ಸಮೇತ ಉರುಳಿ ಮಂಚದಡಿ ಹೋಯಿತು.

"ಅವ ಪೂರಾ ಮಾಡಿ ತಂದಿದ್ದ," ಎಂದಳು ಇಂದ್ರಾಬಾಯಿ. "ನೀವ ಅರ್ಧಾ ಮಾಡಿದ್ರಲ್ಲ."

ಅಣವೀರಪ್ಪ ಪರೇಡಿನಲ್ಲಿ ಗುಂಡಿ ಬಿಚ್ಚಿ ಸಿಕ್ಕಿಬಿದ್ದ ಸಿಪಾಯಿಯಂತೆ ನಿಂತ. ಅರ್ಧವಾದ ಕೆಲಸವನ್ನು ಕಂಡರೆ ಎದ್ದು ಹೋಗುವುದು ಚಂದ್ರಾಮನ ಕಾಲುಗಳಿಗೆ ರೂಢಿ. ಕಾಲುಗಳು ಒಮ್ಮೆ ಬಾಗಿಲ ಕಡೆ ತಿರುಗಿದ್ದೂ ಹೌದು. ಆದರೆ ಭಾಗವ್ವ ಅಷ್ಟರಲ್ಲಿ ಮಂಚದಡಿ ತೂರಿ, ಕೊಂಬನ್ನು ಹುಡುಕಿ, ಸೆರಗಿನಿಂದ ಧೂಳು ಒರೆಸಿ ಅವನ ಮುಂದೆ ಹಿಡಿದಿದ್ದಳು. ಅವನು ನೆಲಕ್ಕೆ ಕೂತ. ಕಿಸೆಯಲ್ಲಿ ಬ್ಲೇಡೂ, ಹಿಂಡಿ ಹಿಂಡಿ ತೆಳ್ಳಗಾದ ಅಂಟಿನ ಟ್ಯೂಬೂ ಇದ್ದವು.

"ಭಾಗವ್ವ, ಅಂಟು ಹಚ್ಚಾಕ ಒಂದು ಸೂಜಿ ಕೊಡು. ಮಾವಾ, ನೀವು ಇಲ್ಲಿ ಕೂಡ್ರಿ. ಇದನ್ನ ಹಿಡ್ಕೋರಿ. ಅಳ್ಳಾಡಬ್ಯಾಡ್ರಿ."

"ಎಷ್ಟೊತ್ತು?"

"ಆರೂತನಕ."

ಅಣವೀರಪ್ಪ ಕೊಳವೆಯನ್ನು ಎರಡು ಬೆರಳಲ್ಲಿ ಹಿಡಿದು ಕಲ್ಲಿನಂತೆ ಕೂತ. ಸ್ವಲ್ಪ ಹೊತ್ತಿಗೆ ಮೂಗು ತುರಿಸತೊಡಗಿತು. ಕಣ್ಣಿನಿಂದಲೇ ಹೆಂಡತಿಗೆ ಸನ್ನೆ ಮಾಡಿದ. ಇಂದ್ರಾಬಾಯಿ ರೊಟ್ಟಿಯ ಹಿಟ್ಟಿನ ಕೈಯಿಂದಲೇ ತುರಿಸಿದಳು. ಮೂಗಿನ ತುದಿ ಬೆಳ್ಳಗಾದ ಅಪ್ಪನನ್ನು ನೋಡಿ ಭಾಗವ್ವ ಬಾಯಿ ಮುಚ್ಚಿಕೊಂಡು ಗೋಡೆಗೆ ತಿರುಗಿದಳು. ಚಂದ್ರಾಮ ನಗಲಿಲ್ಲ. ಅವನು ಬ್ಲೇಡಿನ ಮೂಲೆಯಿಂದ ಮುಚ್ಚಳದ ಗೆರೆಯನ್ನು ಕೂದಲೆಳೆಯಷ್ಟು, ಕೂದಲೆಳೆಯಷ್ಟು ಕೊರೆಯುತ್ತಿದ್ದ. ಚಹಾ ಬಂತು, ಆರಿತು, ಮತ್ತೆ ಕಾಸಿ ತಂದದ್ದೂ ಆರಿತು. ಅಣವೀರಪ್ಪ ಕೊಳವೆ ಹಿಡಿದುಕೊಂಡೇ ಅಳಿಯನ ಕೈಗಳನ್ನು ನೋಡುತ್ತಿದ್ದ.

ಮುಚ್ಚಳ ಚಿಟಕ್ಕೆಂದು ತೆರೆಯಿತು. ಅಣವೀರಪ್ಪ ಕಿರುಬೆರಳ ತುದಿಯನ್ನು ಒಳಗೆ ಇಳಿಸಿ ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡ.

"ಕಾಲು ಚಾಚಾಕ ಜಾಗಾ ಸಾಲದು," ಎಂದ. "ಆವಾಗೂ ಸಾಲತಿರಲಿಲ್ಲ."

ಆಮೇಲೆ ಅವನಿಗೆ ಏನಾಯಿತೋ. ಎದ್ದು ಚಾಳಿನ ಗ್ಯಾಲರಿಗೆ ಹೋಗಿ, ಹಬ್ಬಕ್ಕೆಂದು ಬಾಗಿಲಿಗೆ ಕಟ್ಟಿದ್ದ ಬೇವಿನೆಲೆಯ ದಾರವನ್ನು ಬಿಚ್ಚಿ, ನೆಲದಿಂದ ನಾಲ್ಕು ಬೆರಳು ಬಿಟ್ಟು ಅಡ್ಡ ಕಟ್ಟಿದ. ಊರಲ್ಲಿ ಶೃಂಗಾರದ ಎತ್ತುಗಳನ್ನು ಬೆದರಿಸಿ ಓಡಿಸಿ, ಇಂಥ ಹಗ್ಗ ಹರಿಸಿ, ಯಾವ ಬಣ್ಣದ ಎತ್ತು ಮೊದಲು ಹರಿಯಿತೋ ಆ ಬಣ್ಣದ ಬೆಳೆ ಬರುತ್ತದೆನ್ನುತ್ತಾರೆ. ಅದಕ್ಕೆ ಕರಿ ಹರಿಯುವುದು ಎಂದು ಹೆಸರು.

"ಸಿಂಗಾರ ಮಾಡಿದ ಎತ್ತ ಮನ್ಯಾಗ ಕಟ್ಟಿ ಹಾಕ್ತಾರೇನು? ತರ್ರಿ ಹೊರಗ."

ಅಕ್ಕಪಕ್ಕದ ಮರಾಠಿಯವರು, ಗುಜರಾತಿಯವರು ಬಾಗಿಲಿಗೆ ಬಂದರು. ಟ್ಯಾಂಕಿನ ಮೂತಿಗೆ ನೂಲು ಕಟ್ಟಿ, ಅದನ್ನು ಎಳೆಯಲು ಆ ತುದಿಯಲ್ಲಿ ಭಾಗವ್ವ ಕೂತಳು. ಈ ತುದಿಯಲ್ಲಿ ಚಂದ್ರಾಮ ಹಿಂದಿನಿಂದ ಹಿಡಿದಿದ್ದ. ನಡುವೆ ಅಣವೀರಪ್ಪ ಪಾಲಿಶ್ ಬೂಟಿನ ಸಮೇತ ಹೊಟ್ಟೆಯ ಮೇಲೆ ಮಲಗಿ, ಗಲ್ಲ ನೆಲಕ್ಕೆ ಹಚ್ಚಿ, ದಾರಿ ನೋಡಿಕೊಂಡ.

"ಬಣ್ಣಬಣ್ಣದ್ದು ಹರದ್ರ ಯಾವ ಬೆಳಿ ಬರ್ತೈತ್ರಿ?" ಎಂದು ಇಂದ್ರಾಬಾಯಿ ಕೇಳಿದಳು.

"ಎಲ್ಲಾ ಬೆಳಿ. ಎಡಕ್ಕ, ಎಡಕ್ಕ ತಗೋ ಭಾಗವ್ವ. ಹಾಂ, ಈಗ ಬಿಡಲೇ ಚಂದ್ರಾಮ."

ಟ್ಯಾಂಕು ಗುರುಗುಟ್ಟುತ್ತ ಹೊರಟಿತು. ಗೊಂಡೆ ಬೇವಿನೆಲೆಗೆ ಸಿಕ್ಕಿತು, ದಾರ ಬಿಗಿಯಿತು, ಟ್ಯಾಂಕಿನ ಹಿಂಬದಿ ಮೇಲೆದ್ದಿತು. ಈಗಷ್ಟೇ ಅಂಟಿಸಿದ ಕೊಂಬು ಬಾಗಿದ ಹಾಗೆ ಕಂಡು ಚಂದ್ರಾಮ ಕಣ್ಣು ಮುಚ್ಚಿದ. ತೆಗೆದಾಗ ಬೇವಿನ ದಾರ ಎರಡು ತುಂಡಾಗಿ ಬಿದ್ದಿತ್ತು. ಟ್ಯಾಂಕು ಕೊಂಬಿನ ಸಮೇತ ಭಾಗವ್ವನ ಮಡಿಲ ಹತ್ತಿರ ನಿಂತಿತ್ತು. ಗ್ಯಾಲರಿಯ ತುಂಬ ಚಪ್ಪಾಳೆ ಬಿತ್ತು.

ಅಣವೀರಪ್ಪ ಎದ್ದು ಅಂಗಿಯ ಧೂಳು ಕೊಡವಿದ. "ಊರಿಗೆ ಅಕ್ಕಗ, ಇವನ ಅವ್ವಗ, ಹೇಳಿ ಕಳಸು," ಎಂದ ಹೆಂಡತಿಗೆ. "ಸೊಲ್ಲಾಪುರದವ್ರಿಗೂ ಬ್ಯಾಡ ಅಂತ ಹೇಳಿ ಕಳಸು."

"ನನ್ನ ಯಾರೂ ಕೇಳ್ಲಿಲ್ಲ," ಎಂದಳು ಭಾಗವ್ವ, ನೂಲು ಸುತ್ತಿಕೊಳ್ಳುತ್ತ.

"ಕೇಳೀನಿ. ಹೇಳು."

"ಮಂಜೂರ್. ಆದ್ರ ಮದುವಿ ಚಪ್ಪರಕ್ಕ ಬಣ್ಣಾ ಇವರ ಕೈಲೆ ಬ್ಯಾಡ."

ಚಂದ್ರಾಮನ ತಲೆ ತೇಲುತ್ತಿತ್ತು, ಅದು ಅಂಟಿನ ವಾಸನೆಯಿಂದಲ್ಲ. ಅವನು ಗ್ಯಾಲರಿಯ ಕಂಬ ಹಿಡಿದುಕೊಂಡ. ಅಷ್ಟರಲ್ಲಿ ಅಣವೀರಪ್ಪ ಹರಿದ ದಾರಕ್ಕೆ ಗಂಟು ಹಾಕಿ ಮತ್ತೆ ಅಡ್ಡ ಕಟ್ಟುತ್ತಿದ್ದ.

"ಈ ಸಲ ನೂಲು ನಾ ಎಳೀತೀನಿ," ಎಂದ. "ಬಾರಲೇ ಅಳಿಯಾ, ಹಿಂದ ಹಿಡಿ."