ಗುಡ್ಡದ ಕಾವಲುಗಾರ ತಿರಕಪ್ಪ
ಕಪ್ಪತಗುಡ್ಡದ ಕಾಲುದಾರಿಯಲ್ಲಿ ಇರುವೆ ಹಸಿ ಎಲೆ ಹೊತ್ತು ಹೊರಟರೂ ಕಾವಲುಗಾರ ತಿರಕಪ್ಪ ತಡೆದು ವಿಚಾರಿಸುತ್ತಿದ್ದ. ಮೊದಲು ಬಿಳಿ ಸಾಹೇಬರ ಹೆಸರು ಹೇಳಿ ಗದರುತ್ತಿದ್ದವನು, ಸ್ವಾತಂತ್ರ್ಯ ಬಂದ ಮೇಲೆ, “ಗುಡ್ಡ ಈಗ ನಮ್ದ ಐತ್ರಿ, ನಮ್ಮ ಮನ್ಯಾಗ ನಾವ ಕಳವು ಮಾಡೂದೇನ್ರಿ?” ಎಂದು ನಗುತ್ತಲೇ ಎಲ್ಲರ ಗಂಟು ಬಿಚ್ಚಿಸುತ್ತಿದ್ದ. ಹೆಂಡತಿ ಹುಚ್ಚವ್ವನ ಕಟ್ಟಿಗೆ ಹೊರೆಯಲ್ಲೂ ಹಸಿ ಟೊಂಗೆ ಕಂಡರೆ ಎಳೆದು ಹಾಕುತ್ತಿದ್ದ. “ರೊಟ್ಟಿ ಏನ್ ನಿನ್ನ ತೆಲಿ ಮ್ಯಾಲ ಸುಡ್ಲೇನು?” ಎಂದು ಆಕೆ ಬೈದರೂ ಕರಗುತ್ತಿರಲಿಲ್ಲ. ಅಂಥವನ ಗುಡ್ಡ ನೋಡಲು ಹೋದ ನಾನು, ಮಂಡಿನೋವಿನ ಔಷಧಿ ಗಿಡವೊಂದನ್ನು ಬೇರುಸಹಿತ ಕಿತ್ತು ಬುತ್ತಿಗಂಟಿನಲ್ಲಿ ಮುಚ್ಚಿಟ್ಟುಕೊಂಡು ಇಳಿದೆ. ಎಲ್ಲರಂತೆ ನಾನೂ ಗಂಟು ಮುಂದೆ ಹಿಡಿದರೆ ತಿರಕಪ್ಪ ಹಿಂದೆ ಸರಿದ. “ಬ್ಯಾಡ್ರಿ ಯಜಮಾನ್ರ, ನಾಕು ಅಕ್ಷರ ತಿಳದಾವ್ರು ನೀವು. ನಿಮ್ಮನ್ನ ನಂಬದ ಇನ್ಯಾರನ್ನ ನಂಬ್ಲಿ?” ನಾನು ಗಂಟನ್ನು ಕಂಕುಳಿಗೆ ಒತ್ತಿಕೊಂಡು, “ಖರೆ ಐತಿ ತಮ್ಮಾ” ಎಂದೆ.