ಸುತ್ತು ಹಾಕದ ಗುರುತು

ದಲೆಂದಾ ಸ್ಫಾಕ್ಸ್ ಪಟ್ಟಣದ ಒಂದು ಚಿಕಿತ್ಸಾಲಯಕ್ಕೆ ನೆಲ ಒರೆಸಲು ಸೇರಿದ ಮೊದಲ ದಿನವೇ ಅಲ್ಲಿನ ವ್ಯಾಯಾಮ ಚಿಕಿತ್ಸಕ ಲಮ್ಜೆದ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮಂಡಿಯ ಕೆಳಗೆ ರಬ್ಬರ್ ಸುತ್ತಿಗೆಯಿಂದ ಬಡಿದ. ಕಾಲು ತಾನಾಗಿಯೇ ಹಾರಿ ಅವಳ ಬಕೆಟ್ಟನ್ನು ಉರುಳಿಸಿತು.

“ನಿಮ್ಮ ಕಾಲಿಗಿನ್ನೂ ಮದುವೆ ವಯಸ್ಸು, ಖಾಲ್ತಿ!” ಎಂದು ನಕ್ಕ. ಆ ಊರಿನಲ್ಲಿ ವಯಸ್ಸಾದ ಹೆಂಗಸರನ್ನೆಲ್ಲ ಚಿಕ್ಕಮ್ಮನೆಂದು ಹಾಗೇ ಕರೆಯುವುದು.

“ನನ್ನ ಗಂಡ ಸತ್ತು ಒಂಬತ್ತು ವರ್ಷ ಆಯ್ತು. ಈಗ ಈ ನೀರು ಒರೆಸೋರ್ಯಾರು?”

ಅವನೇ ಬಟ್ಟೆ ಹಿಡಿದು ಬಗ್ಗಿದ.

ಬಿದ್ದವರನ್ನು ಮತ್ತೆ ನಡೆಸುವುದು ಅವನ ಕೆಲಸ. ಬೀದಿಯಲ್ಲಿ ಯಾರಾದರೂ ಕಾಲೆಳೆದು ನಡೆದರೆ ಹಿಮ್ಮಡಿ ನೋಡುತ್ತ ಹಿಂದೆಯೇ ಹೋಗಿಬಿಡುತ್ತಿದ್ದ. ಒಮ್ಮೆ ಒಬ್ಬಳ ಗಂಡನಿಂದ ಚೆನ್ನಾಗಿ ಬೈಸಿಕೊಂಡ. ದಿನಕ್ಕೆ ಮೂವತ್ತು ಜನರ ಮಂಡಿ ಬಡಿಯುವವನಿಗೆ ಗುರುತು ಹಾಕಲು ಒಂದು ಕೈ ಬೇಕಿತ್ತು. ತನ್ನ ಹೆಸರಷ್ಟೇ ಬರೆಯಲು ಬರುವ ದಲೆಂದಾಳಿಗೆ ಅದನ್ನು ಕಲಿಸಿದ. ಕಾಲು ಮಿಸುಕದಿದ್ದರೆ ಸೊನ್ನೆ, ಮಿಸುಕಿದರೆ ಒಂದು ಕೂಡುಗುರುತು, ಹಾರಿದರೆ ಎರಡು. ಏನೂ ಕಾಣದಾಗ ರೋಗಿ ಎರಡೂ ಕೈಯ ಬೆರಳುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಎಳೆಯಬೇಕು. ಆಗ ಸುಮ್ಮನಿದ್ದ ಕಾಲೂ ಕೆಲವೊಮ್ಮೆ ಅಲುಗುತ್ತದೆ. ಅಂಥ ಗುರುತಿಗೆ ಸುತ್ತು ಹಾಕಬೇಕು.

“ಅದು ಎರವಲು ಬಲ, ಖಾಲ್ತಿ. ಅದನ್ನ ನಂಬಿ ಯಾರನ್ನೂ ನಿಲ್ಲಿಸೋ ಹಾಗಿಲ್ಲ. ನನ್ನ ನೆನಪು ಸುಳ್ಳು ಹೇಳುತ್ತೆ, ನಿಮ್ಮ ಕೈ ಹೇಳಲ್ಲ.”

ಹನ್ನೊಂದು ವರ್ಷ ಅವಳ ಕೈ ಸುಳ್ಳು ಹೇಳಲಿಲ್ಲ.

ಆಮೇಲೆ ಕೆರ್ಕೆನ್ನಾ ದ್ವೀಪದ ಮೀನುಗಾರ ಶೇಡ್ಲಿ ಬಂದ. ಜ್ವರದ ಬೆನ್ನಿಗೇ ನರ ಸೋತು ಎರಡೂ ಕಾಲು ಮೂಕವಾಗಿದ್ದವು. ಮೂರು ತಿಂಗಳು ಬರೀ ಸೊನ್ನೆ. ಒಂದು ಶನಿವಾರ, ಬೆರಳು ಎಳೆದಾಗ, ಬಲಗಾಲು ಚೂರು ಮಿಸುಕಿತು. ಲಮ್ಜೆದ್ ಮುಂದಿನ ಮಂಚಕ್ಕೆ ಸರಿದ. ದಲೆಂದಾ ಮಂಚದ ಬುಡದ ಕಾಗದದಲ್ಲಿ ಗುರುತು ಹಾಕಿ, ಸುತ್ತು ಎಳೆಯಲು ಪೆನ್ನು ಎತ್ತುವಷ್ಟರಲ್ಲಿ ಶೇಡ್ಲಿಯ ಹೆಂಡತಿ ನೆಜಿಯಾ ಕೈ ಹಿಡಿದಳು.

“ನಾಳೆ ಮಗಳ ಮದುವೆ, ಖಾಲ್ತಿ. ಇವರು ಮಂಚದಲ್ಲೇ ಇರ್ತಾರೆ. ಆ ಸುತ್ತು ಕಂಡ್ರೆ ಎರವಲು ಬಲ ಅಂತ ಗೊತ್ತಾಗಿ ಮುಖ ಗೋಡೆಗೆ ತಿರುಗಿಸಿಬಿಡ್ತಾರೆ. ಎರಡೇ ದಿನ ಬಿಡಿ.”

“ಸೋಮವಾರ ಬೆಳಿಗ್ಗೆ ಹಾಕಿಬಿಡ್ತೀನಿ, ಗೊತ್ತಾಯ್ತಾ?”

“ಹಾಕಿ. ನಾಳೆ ನೀವೂ ದೋಣಿ ಹತ್ತಿ ಬನ್ನಿ, ಅವರ ಬದಲಿಗೆ ಊಟಕ್ಕೆ ಕೂತ್ಕೊಳ್ಳಿ.”

ಅವಳು ಹೋದಳು. ಒಣ ಆಕ್ಟೋಪಸ್ ಹಾಕಿದ ಬಾರ್ಲಿ ಗಂಜಿಯನ್ನು ಎರಡು ಸಲ ಹಾಕಿಸಿಕೊಂಡಳು. ಸೋಮವಾರ ಗಾಳಿ ಎದ್ದು ದೋಣಿ ಹೊರಡಲಿಲ್ಲ, ಅವಳು ದ್ವೀಪದಲ್ಲೇ ಸಿಕ್ಕಿಕೊಂಡಳು.

ಅತ್ತ ಲಮ್ಜೆದ್ ಮಂಚದ ಬುಡದ ಕಾಗದ ನೋಡಿದ. ಸುತ್ತಿಲ್ಲದ ಗುರುತು. ತೊಡೆಯನ್ನೂ ಒತ್ತಿ ನೋಡಿದ, ಬಲ ಬಂದಂತೆಯೇ ಕಂಡಿತು. ಮಂಡಿಯ ಪಟ್ಟಿ ಬಿಚ್ಚಿ ಶೇಡ್ಲಿಯನ್ನು ನಡಿಗೆ ಕಲಿಸುವ ಸರಳುಗಳ ನಡುವೆ ನಿಲ್ಲಿಸಿದ. ಮಂಡಿ ಮಡಚಿಕೊಂಡು ಶೇಡ್ಲಿ ಬಿದ್ದ. ಸೊಂಟದ ಮೂಳೆ ಮುರಿಯಿತು.

“ಬಡಿದದ್ದು ನಾನು, ನೋಡಿದ್ದೂ ನಾನು,” ಎಂದು ಅವನು ಮೇಲಿನವರಿಗೆ ಹೇಳುವಾಗ ದಲೆಂದಾ ಬಾಗಿಲ ಬಳಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಬಟ್ಟೆಯ ನೀರು ಅವಳ ಕಾಲ ಮೇಲೆಯೇ ತೊಟ್ಟಿಕ್ಕುತ್ತಿತ್ತು.

ಅವನು ಕೆಲಸ ಬಿಟ್ಟ. ಈಗ ಅಣ್ಣನ ಎಣ್ಣೆ ಅಂಗಡಿಯಲ್ಲಿ ಕೂರುತ್ತಾನೆ; ಎದುರಿಗೆ ಯಾರು ಕುಂಟಿದರೂ ತಲೆ ಎತ್ತುವುದಿಲ್ಲ. ಅವಳು ಎಣ್ಣೆಗೆ ದೂರದ ಅಂಗಡಿಗೆ ಹೋಗುತ್ತಾಳೆ.

ಹೊರಡುವ ದಿನ ಸುತ್ತಿಗೆಯನ್ನು ಮೇಜಿನ ಮೇಲಿಟ್ಟು ಅವನು ಕೇಳಿದ್ದಕ್ಕೆ ಅವಳು ಇವತ್ತಿಗೂ ಉತ್ತರ ಕೊಟ್ಟಿಲ್ಲ:

“ನನ್ನ ಕಣ್ಣೇ ಮೋಸ ಮಾಡ್ತಾ, ಖಾಲ್ತಿ? ಆ ಶನಿವಾರ ಅವನು ಬೆರಳು ಎಳೆದಿದ್ನಾ?”